ಜರ್ಮನಿಯ ಮನೆಯಲ್ಲಿ ಮೋಟರ್ ಶಟರ್‌ಗೆ ವೈರ್‌ಲೆಸ್ ನಿಯಂತ್ರಣ: ಗೋಡೆಯ ಬಟನ್ ಉಳಿಸಿಕೊಂಡೇ ಮಾಡುವ ಬಗೆ

ಜೂನ್ ತಿಂಗಳಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 9:30ರ ಹೊತ್ತಿಗೆ. ಡಿಸೆಂಬರ್‌ನಲ್ಲಿ ಸಂಜೆ 4:30ಕ್ಕೇ ಮುಳುಗಿರುತ್ತಾನೆ. ಬೇಸಿಗೆಯಲ್ಲಿ ಮಗುವನ್ನು 8 ಗಂಟೆಗೆ ಮಲಗಿಸಬೇಕೆಂದರೆ ಕೋಣೆಯಲ್ಲಿ ಕತ್ತಲು ಬೇಕು, ಆದರೆ ಹೊರಗೆ ಇನ್ನೂ ಬಿಸಿಲು. ಇದಕ್ಕೆ ಇಲ್ಲಿನ ಉತ್ತರ ರೋಲಾಡೆನ್. ಇದು ನಮ್ಮೂರಿನ ಅಂಗಡಿ ಶಟರ್ ಅಲ್ಲ. ತೆಳುವಾದ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಪಟ್ಟಿಗಳು ಕಿಟಕಿಯ ಹೊರಗಡೆ ಇಳಿಯುತ್ತವೆ, ಮೇಲಿನ ಪೆಟ್ಟಿಗೆಯಲ್ಲಿ ಸುತ್ತಿಕೊಳ್ಳುತ್ತವೆ. ಎಸಿ ಇಲ್ಲದ ಮನೆಗಳೇ ಇಲ್ಲಿ ಜಾಸ್ತಿ. ಬಿಸಿಲು ಗಾಜು ದಾಟುವ ಮೊದಲೇ ತಡೆಯುವ ಕೆಲಸವನ್ನು ಒಳಗಿನ ಪರದೆ ಮಾಡಲಾರದು, ಹೊರಗಿನ ಶಟರ್ ಮಾಡುತ್ತದೆ.

ಎಷ್ಟೋ ಮನೆಗಳಲ್ಲಿ ಮೋಟರ್ ಆಗಲೇ ಇರುತ್ತದೆ. ಪ್ರತಿ ಕಿಟಕಿಯ ಪಕ್ಕ ಮೇಲೆ-ಕೆಳಗೆ ಬಾಣ ಇರುವ ಒಂದು ಸ್ವಿಚ್ ಇರುತ್ತದೆ. ಹತ್ತು ಕಿಟಕಿ ಇದ್ದರೆ ಬೆಳಿಗ್ಗೆ ಹತ್ತು ಸ್ವಿಚ್, ಸಂಜೆ ಹತ್ತು ಸ್ವಿಚ್. ಬೇಸಿಗೆಯಲ್ಲಿ ನೀವು ಆಫೀಸಿನಲ್ಲಿರುವಾಗ ಮಧ್ಯಾಹ್ನದ ಬಿಸಿಲು ಮನೆಯೊಳಗೆ ತುಂಬುತ್ತದೆ. ಆಗ ಸ್ವಿಚ್ ಒತ್ತುವವರೇ ಇರುವುದಿಲ್ಲ. ಇದನ್ನು ಸರಿಮಾಡಲು ಶಟರ್ ಬದಲಾಯಿಸಬೇಕಿಲ್ಲ, ಮೋಟರ್ ಕೂಡ ಬದಲಾಯಿಸಬೇಕಿಲ್ಲ. ಸ್ವಿಚ್‌ನ ಹಿಂದೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಮಾಡ್ಯೂಲ್ ಒಂದನ್ನು ಕೂರಿಸಿದರೆ ಸಾಕು.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿಯಾಗುವುದಿಲ್ಲ. ಗೋಡೆಯ ಬಟನ್ ಯಾವಾಗಲೂ ಕೆಲಸ ಮಾಡಬೇಕು. ಇಂಟರ್ನೆಟ್ ಹೋಗಿರಲಿ, ರೌಟರ್ ಕೆಟ್ಟಿರಲಿ, ಫೋನ್ ಚಾರ್ಜ್ ಮುಗಿದಿರಲಿ, ಮಾಡ್ಯೂಲ್ ತಯಾರಿಸಿದ ಕಂಪನಿಯೇ ಬಾಗಿಲು ಹಾಕಿರಲಿ. ಮೈಸೂರಿನಿಂದ ಮೂರು ತಿಂಗಳಿಗೆ ಬಂದ ಅಮ್ಮನಿಗೆ ಕಿಟಕಿ ತೆರೆಯೋಕೆ ಆ್ಯಪ್ ಕಲಿಸುವ ಪರಿಸ್ಥಿತಿ ಬರಬಾರದು. ಮುಂದೆ ಹೇಳುವ ಪ್ರತಿ ಆಯ್ಕೆಯನ್ನೂ ಈ ಒಂದು ಅಳತೆಯಿಂದಲೇ ನೋಡಿದ್ದೇನೆ.

ಮೊದಲು ನಿಮ್ಮ ಮೋಟರ್ ಯಾವುದೆಂದು ತಿಳಿಯಿರಿ

ಏನನ್ನೂ ಕೊಳ್ಳುವ ಮೊದಲು ಇದನ್ನು ಮಾಡಿ. ಮನೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು, ವೈರ್ ಮೂಲಕ ನಡೆಯುವ ಸಾಮಾನ್ಯ ಕೊಳವೆ ಮೋಟರ್. ಪಟ್ಟಿಗಳು ಸುತ್ತಿಕೊಳ್ಳುವ ಕೊಳವೆಯ ಒಳಗೇ ಇದು ಇರುತ್ತದೆ. ಇದರಿಂದ ನಾಲ್ಕು ವೈರ್ ಬರುತ್ತವೆ. ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥಿಂಗ್. ಕಂದು ಮತ್ತು ಕಪ್ಪು ಎರಡು ದಿಕ್ಕುಗಳು. ಒಂದಕ್ಕೆ ಫೇಸ್ ಕೊಟ್ಟರೆ ಮೇಲೆ, ಇನ್ನೊಂದಕ್ಕೆ ಕೊಟ್ಟರೆ ಕೆಳಗೆ. ತುದಿ ತಲುಪಿದಾಗ ಒಳಗಿನ ಲಿಮಿಟ್ ಸ್ವಿಚ್ ತಾನೇ ನಿಲ್ಲಿಸುತ್ತದೆ. ಈ ಲೇಖನ ಈ ಬಗೆಯ ಮೋಟರ್ ಕುರಿತದ್ದು.

ಎರಡನೆಯದು, ರೇಡಿಯೋ ಒಳಗೇ ಇರುವ ಮೋಟರ್. ಗೋಡೆಯಲ್ಲಿ ವೈರ್ ಇರುವ ಸ್ವಿಚ್ ಇಲ್ಲ, ರಿಮೋಟ್ ಮಾತ್ರ ಇದೆ ಎಂದರೆ ಇದೇ. ಸೋಮ್ಫಿ ಕಂಪನಿಯ ಆರ್‌ಟಿಎಸ್ ಎಂಬ ರೇಡಿಯೋ ವ್ಯವಸ್ಥೆ ಇಂಥದ್ದು. ಅದು 433.42 ಮೆಗಾಹರ್ಟ್ಸ್‌ನಲ್ಲಿ ಆಜ್ಞೆ ಕೇಳಿಸಿಕೊಳ್ಳುತ್ತದೆ, ಉತ್ತರ ಕೊಡುವುದಿಲ್ಲ. ಹಾಗಾಗಿ ಶಟರ್ ಎಲ್ಲಿದೆ ಎಂದು ಯಾರಿಗೂ ಖಚಿತವಾಗಿ ಗೊತ್ತಾಗುವುದಿಲ್ಲ. ಅದೇ ಕಂಪನಿಯವರು ಬಳಸುವ ಐಓ-ಹೋಮ್‌ಕಂಟ್ರೋಲ್ 868 ಮೆಗಾಹರ್ಟ್ಸ್ ರೇಡಿಯೋ ಪಟ್ಟಿಯಲ್ಲಿ ಎರಡೂ ಕಡೆ ಮಾತಾಡುತ್ತದೆ. ಇಂಥ ಮೋಟರ್‌ಗೆ ಕರೆಂಟ್ ಸದಾ ಇರಬೇಕು. ಅದರ ಮುಂದೆ ಕರೆಂಟ್ ಆನ್-ಆಫ್ ಮಾಡುವ ರಿಲೇ ಮಾಡ್ಯೂಲ್ ಹಾಕಬೇಡಿ. ಅದಕ್ಕೆ ಹೊಂದುವ ಕೇಂದ್ರ ಪೆಟ್ಟಿಗೆ ಕೊಳ್ಳುವುದೇ ದಾರಿ. ಸೋಮ್ಫಿಗೆ ಟಾಹೋಮಾ ಇದೆ.

ಮೂರನೆಯದು ಮೋಟರೇ ಇಲ್ಲದ, ಕೋಣೆಯೊಳಗಿಂದ ಬೆಲ್ಟ್ ಎಳೆದು ಏರಿಸುವ ಶಟರ್. ಬಾಡಿಗೆ ಮನೆಗಳಲ್ಲಿ ಇದು ತುಂಬಾ ಸಾಮಾನ್ಯ. ಇದಕ್ಕೆ ಆ ಬೆಲ್ಟನ್ನೇ ಸುತ್ತುವ ವಿದ್ಯುತ್ ಯಂತ್ರ ಸಿಗುತ್ತದೆ. ರಾಡೆಮಾಖರ್ ಕಂಪನಿಯ ರೋಲೊಟ್ರಾನ್ ಇದರಲ್ಲಿ ಹೆಸರುವಾಸಿ. ಹಳೆಯ ಬೆಲ್ಟ್ ಪೆಟ್ಟಿಗೆ ತೆಗೆದು ಇದನ್ನು ಕೂರಿಸಿ, ಪ್ಲಗ್ ಹಾಕಿದರೆ ಆಯಿತು. ಗೋಡೆಯ ವೈರ್ ಮುಟ್ಟುವ ಕೆಲಸವೇ ಇಲ್ಲ.

ನಿಮ್ಮದು ಮೊದಲನೆಯ ಬಗೆಯಾದರೆ, ಹಳೆಯ ಸ್ವಿಚ್‌ನಿಂದಲೇ ಒಂದು ಪರೀಕ್ಷೆ ಮಾಡಿ. ಶಟರನ್ನು ಪೂರ್ತಿ ಇಳಿಸಿ, ಪೂರ್ತಿ ಏರಿಸಿ. ಎರಡೂ ತುದಿಯಲ್ಲಿ ತಾನಾಗಿ ನಿಲ್ಲಬೇಕು. ಗರಗರ ಸದ್ದು, ಮಧ್ಯೆ ಸಿಕ್ಕಿಕೊಳ್ಳುವುದು, ಮೇಲೆ ಹೋಗಿ ಗುದ್ದುವುದು ಇದ್ದರೆ ಮೊದಲು ಶಟರ್ ರಿಪೇರಿಯವರನ್ನು ಕರೆಸಿ. ಕೆಟ್ಟ ಶಟರ್‌ಗೆ ಸ್ಮಾರ್ಟ್ ನಿಯಂತ್ರಣ ಸೇರಿಸಿದರೆ, ಯಾರೂ ನೋಡದಿರುವಾಗ ಅದು ಇನ್ನಷ್ಟು ಕೆಡುತ್ತದೆ.

ಏರಲು ಎಷ್ಟು ಸೆಕೆಂಡ್, ಇಳಿಯಲು ಎಷ್ಟು ಸೆಕೆಂಡ್ ಎಂದು ಪ್ರತಿ ಕಿಟಕಿಗೂ ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ. ಒಂದೇ ಸಮನೆ ಮೇಲೆ ಕೆಳಗೆ ಓಡಿಸಬೇಡಿ. ಈ ಮೋಟರ್‌ಗಳು ಸಾಮಾನ್ಯವಾಗಿ ಸುಮಾರು 4 ನಿಮಿಷ ಸತತ ಓಡಲು ಮಾಡಿದವು. ಬಿಸಿಯಾದರೆ ಒಳಗಿನ ರಕ್ಷಣೆ ಕಡಿತಗೊಳಿಸುತ್ತದೆ, ತಣ್ಣಗಾಗುವ ತನಕ ಅಲ್ಲಾಡುವುದಿಲ್ಲ. ಕೆಟ್ಟೇ ಹೋಯಿತು ಅಂತ ಗಾಬರಿಯಾಗುವವರು ತುಂಬಾ ಜನ. ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆ.

ಬಣ್ಣದ ಲೆಕ್ಕ ಇಲ್ಲಿ ಬೇರೆ

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ನಮ್ಮೂರಿನ ಹಳೆಯ ವೈರಿಂಗ್‌ನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್. ಹುಡುಗರಾಗಿದ್ದಾಗ ಮನೆಯಲ್ಲಿ ಹೋಲ್ಡರ್ ಬದಲಾಯಿಸಿದವರ ಕೈಗೆ ಈ ಲೆಕ್ಕ ಒಗ್ಗಿರುತ್ತದೆ. ಜರ್ಮನಿಯಲ್ಲಿ ಕಪ್ಪು ಎಂದರೆ ಫೇಸ್. ಕಂದು ಕೂಡ ಫೇಸ್. ನ್ಯೂಟ್ರಲ್ ನೀಲಿ. 1965ಕ್ಕಿಂತ ಹಿಂದಿನ ಜರ್ಮನ್ ಮನೆಯಾದರೆ ಇನ್ನೂ ಗೊಂದಲ. ಆಗ ಬೂದು ಬಣ್ಣ ನ್ಯೂಟ್ರಲ್ ಆಗಿತ್ತು, ಕೆಂಪು ಅರ್ಥಿಂಗ್ ಆಗಿತ್ತು. ಅಂಥ ವೈರ್ ಕಂಡರೆ ಮುಚ್ಚಳ ಹಾಕಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.

ಬಣ್ಣ ನಂಬಿ ಕೆಲಸ ಮಾಡಬಾರದು, ಅಳೆದೇ ಮಾಡಬೇಕು. ಸ್ಕ್ರೂಡ್ರೈವರ್ ತರಹದ, ದೀಪ ಹೊತ್ತುವ ಟೆಸ್ಟರ್ ಇದಕ್ಕೆ ಸಾಲದು. ಒಣ ನೆಲದ ಮೇಲೆ, ರಬ್ಬರ್ ಚಪ್ಪಲಿ ಹಾಕಿ ನಿಂತಿದ್ದರೆ ಕರೆಂಟ್ ಇದ್ದರೂ ಅದು ತೋರಿಸದೇ ಇರಬಹುದು. ಎರಡು ಮೊನೆ ಇರುವ ವೋಲ್ಟೇಜ್ ಟೆಸ್ಟರ್ ಬೇಕು.

ಇನ್ನೊಂದು ಅಪಾಯ ಬಹಳ ಜನಕ್ಕೆ ಗೊತ್ತಿಲ್ಲ. ಮೋಟರ್ ಒಳಗೆ ಕೆಪಾಸಿಟರ್, ಅಂದರೆ ವಿದ್ಯುತ್ ಸ್ವಲ್ಪ ಹೊತ್ತು ಕೂಡಿಡುವ ಭಾಗ, ಇದೆ. ಕಂದು ವೈರ್‌ಗೆ ಫೇಸ್ ಕೊಟ್ಟಾಗ ಕೆಪಾಸಿಟರ್ ಮೂಲಕ ಕಪ್ಪು ವೈರಿಗೂ ವೋಲ್ಟೇಜ್ ಬರುತ್ತದೆ. ಅದು 230 ವೋಲ್ಟ್‌ಗಿಂತಲೂ ಹೆಚ್ಚಿರಬಹುದು. ‘ಈ ದಿಕ್ಕು ಆಫ್ ಇದೆಯಲ್ಲ’ ಎಂದು ಮುಟ್ಟಿದರೆ ಶಾಕ್ ಖಚಿತ.

ಎರಡು ಮೋಟರ್‌ಗಳನ್ನು ಒಂದೇ ಸ್ವಿಚ್‌ಗೆ ನೇರವಾಗಿ ಜೋಡಿಸಬಾರದು ಎನ್ನುವುದಕ್ಕೂ ಇದೇ ಕಾರಣ. ಒಂದು ಶಟರ್ ತುದಿ ತಲುಪಿ ನಿಂತರೂ ಇನ್ನೊಂದರ ಕೆಪಾಸಿಟರ್‌ನಿಂದ ಅದಕ್ಕೆ ಹಿಂದಿನಿಂದ ಕರೆಂಟ್ ಹರಿಯುತ್ತದೆ. ಶಟರ್‌ಗಳು ತುದಿಯಲ್ಲಿ ಹಿಂದೆ ಮುಂದೆ ಕುಣಿಯುತ್ತವೆ, ಲಿಮಿಟ್ ಸ್ವಿಚ್ ಸುಟ್ಟುಹೋಗುತ್ತದೆ. ಹಾಲ್‌ನ ದೊಡ್ಡ ಕಿಟಕಿಗೆ ಎರಡು ಶಟರ್, ಒಂದೇ ಸ್ವಿಚ್ ಇದ್ದರೆ ಮಧ್ಯೆ ಬೇರ್ಪಡಿಸುವ ರಿಲೇ ಇದೆಯೇ ನೋಡಿಸಿ. ಹೊಸದಾಗಿ ಮಾಡುವಾಗ ಪ್ರತಿ ಮೋಟರ್‌ಗೂ ಒಂದೊಂದು ಮಾಡ್ಯೂಲ್ ಹಾಕುವುದೇ ಒಳ್ಳೆಯದು. ಎರಡನ್ನೂ ಒಟ್ಟಿಗೆ ಓಡಿಸುವ ಕೆಲಸವನ್ನು ಸಾಫ್ಟ್‌ವೇರ್‌ಗೆ ಬಿಡಿ.

ಸ್ವಿಚ್ ಬಾಕ್ಸ್‌ನಲ್ಲಿ ಜಾಗ ಮತ್ತು ನ್ಯೂಟ್ರಲ್

ಜರ್ಮನಿಯ ಸ್ವಿಚ್ ಬಾಕ್ಸ್ ದುಂಡಗಿರುತ್ತದೆ, ಅಡ್ಡಳತೆ 60 ಮಿಲಿಮೀಟರ್. ಆಳ ಮಾತ್ರ ಮನೆಯಿಂದ ಮನೆಗೆ ಬೇರೆ. ಆಳವಾದ ಬಾಕ್ಸ್ ಇದ್ದರೆ ಸ್ವಿಚ್‌ನ ಹಿಂದೆ ಮಾಡ್ಯೂಲ್ ಆರಾಮಾಗಿ ಕೂರುತ್ತದೆ. ಹಳೆಯ, ಆಳ ಕಡಿಮೆಯ ಬಾಕ್ಸ್ ಇದ್ದರೆ ವೈರ್‌ಗಳನ್ನು ಒತ್ತಿ ತುರುಕಬೇಡಿ. ಅಲ್ಲಿ ಸ್ವಿಚ್‌ನ ಜಾಗದಲ್ಲೇ ಕೂರುವ ಮಾಡ್ಯೂಲ್ ಆರಿಸಿ. ಹೋಮ್‌ಮ್ಯಾಟಿಕ್ ಐಪಿ ಎಂಬ ಸ್ಮಾರ್ಟ್ ಮನೆ ಬ್ರಾಂಡಿನ, ಬೇರೆ ಕಂಪನಿಗಳ ಸ್ವಿಚ್ ಚೌಕಟ್ಟಿಗೂ ಹೊಂದುವ ಶಟರ್ ಮಾಡ್ಯೂಲ್ ಅಂಥದ್ದು. ಬಟನ್ ಅದರ ಮೇಲೇ ಬರುತ್ತದೆ, ಹಳೆಯ ಚೌಕಟ್ಟೂ ಉಳಿಯುತ್ತದೆ.

ಇನ್ನು ನ್ಯೂಟ್ರಲ್. ಮಾಡ್ಯೂಲ್‌ಗೆ ತನ್ನದೇ ಕರೆಂಟ್ ಬೇಕು, ಹಾಗಾಗಿ ನ್ಯೂಟ್ರಲ್ ಬೇಕೇ ಬೇಕು. ಮೋಟರ್‌ನ ಕೇಬಲ್ ನೇರವಾಗಿ ಸ್ವಿಚ್ ಬಾಕ್ಸ್‌ಗೆ ಬಂದಿದ್ದರೆ ನೀಲಿ ವೈರ್ ಅಲ್ಲೇ ಹಿಂದೆ ಕನೆಕ್ಟರ್‌ನಲ್ಲಿ ಸಿಗುತ್ತದೆ. ಶಟರ್ ಸ್ವಿಚ್‌ಗಳಲ್ಲಿ ಈ ಅದೃಷ್ಟ ಲೈಟ್ ಸ್ವಿಚ್‌ಗಳಿಗಿಂತ ಜಾಸ್ತಿ. ಬರೀ ಮೂರು ವೈರ್, ಅಂದರೆ ಫೇಸ್ ಮತ್ತು ಎರಡು ದಿಕ್ಕು ಮಾತ್ರ ಕಂಡರೆ ನ್ಯೂಟ್ರಲ್ ಬೇರೆ ಜಂಕ್ಷನ್ ಬಾಕ್ಸ್‌ನಲ್ಲಿದೆ ಎಂದರ್ಥ. ಆಗ ಹೊಸ ವೈರ್ ಎಳೆಸಬೇಕು, ಇಲ್ಲವೇ ಮಾಡ್ಯೂಲನ್ನೇ ಆ ಜಂಕ್ಷನ್ ಬಾಕ್ಸ್‌ಗೆ ಸಾಗಿಸಬೇಕು. ಅರ್ಥಿಂಗ್ ವೈರನ್ನು ನ್ಯೂಟ್ರಲ್ ಹಾಗೆ ಬಳಸುವುದು ಜೀವಕ್ಕೆ ಅಪಾಯ. ಪಕ್ಕದ ಪ್ಲಗ್‌ನ ಸರ್ಕ್ಯೂಟ್ ಬೇರೆಯಾಗಿದ್ದರೆ ಅಲ್ಲಿಂದ ನ್ಯೂಟ್ರಲ್ ಎರವಲು ತರುವುದೂ ತಪ್ಪು. ಎಂಸಿಬಿ (ಫ್ಯೂಸ್ ಬಾಕ್ಸ್‌ನಲ್ಲಿರುವ, ಸರ್ಕ್ಯೂಟ್ ಕಡಿತಗೊಳಿಸುವ ಸ್ವಿಚ್) ಇಳಿಸಿದ ಮೇಲೂ ಆ ವೈರ್‌ನಲ್ಲಿ ಕರೆಂಟ್ ಹರಿಯುತ್ತಿರಬಹುದು.

ಸ್ವಿಚ್ ಯಾವ ಬಗೆಯದು ಎಂದೂ ನೋಡಿಕೊಳ್ಳಿ. ಒತ್ತಿದರೆ ಹಾಗೇ ನಿಲ್ಲುವ ಸ್ವಿಚ್ ಒಂದು ಬಗೆ. ಕಾಲಿಂಗ್ ಬೆಲ್ ಹಾಗೆ, ಒತ್ತಿದಷ್ಟು ಹೊತ್ತು ಮಾತ್ರ ತಾಗುವ ಬಟನ್ ಇನ್ನೊಂದು. ಸ್ಮಾರ್ಟ್ ನಿಯಂತ್ರಣಕ್ಕೆ ಎರಡನೆಯದೇ ಸರಿ. ನಿಂತುಬಿಡುವ ಸ್ವಿಚ್ ‘ಕೆಳಗೆ’ ಎಂದು ತೋರಿಸುತ್ತಿರುವಾಗ ಆ್ಯಪ್‌ನಿಂದ ಶಟರ್ ಮೇಲೆ ಹೋಗಿರುತ್ತದೆ. ಮುಂದೆ ಒತ್ತುವವರಿಗೆ ತಲೆಬುಡ ತಿಳಿಯುವುದಿಲ್ಲ. ಅದೇ ಕಂಪನಿಯ ಅದೇ ಚೌಕಟ್ಟಿಗೆ ಹೊಂದುವ ಬಟನ್ ಬಗೆ ಸಾಮಾನ್ಯವಾಗಿ ಸಿಗುತ್ತದೆ, ಬದಲಾಯಿಸಿಬಿಡಿ.

ಯಾವ ರೇಡಿಯೋ?

ವೈಫೈ ಮಾಡ್ಯೂಲ್ ಕಡಿಮೆ ಖರ್ಚಿನದು. ಬಲ್ಗೇರಿಯದ ಶೆಲ್ಲಿ ಕಂಪನಿಯ 2ಪಿಎಂ ಸುಮಾರು 30 ಯೂರೋಗೆ ಸಿಗುತ್ತದೆ. ಬೇರೆ ಕೇಂದ್ರ ಪೆಟ್ಟಿಗೆ ಬೇಡ. ಮೋಟರ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಅಳೆಯುತ್ತದೆ, ಕ್ಲೌಡ್ ಇಲ್ಲದೆಯೂ ಮನೆಯೊಳಗೇ ಓಡುತ್ತದೆ. ಇದು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಬಳಸುತ್ತದೆ. ಕಬ್ಬಿಣ ಹಾಕಿದ ಕಾಂಕ್ರೀಟ್ ಗೋಡೆಯ ಮನೆಯಲ್ಲಿ ದೂರದ ಕೋಣೆಗೆ ಸಿಗ್ನಲ್ ತಲುಪುತ್ತದೆಯೇ ಎಂದು ಮೊದಲು ಫೋನ್ ಹಿಡಿದು ಸ್ವಿಚ್ ಪಕ್ಕದಲ್ಲೇ ನೋಡಿ. ಗೋಡೆಯೊಳಗೆ ಹೋದ ಮೇಲೆ ಸಿಗ್ನಲ್ ಇನ್ನೂ ಕಡಿಮೆಯಾಗುತ್ತದೆ.

ಝಡ್-ವೇವ್ ಎಂಬ, ಸ್ಮಾರ್ಟ್ ಮನೆ ಸಾಧನಗಳ ರೇಡಿಯೋ ಭಾಷೆ ಯುರೋಪಿನಲ್ಲಿ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಓಡುತ್ತದೆ. ಫಿಬಾರೊ ಕಂಪನಿಯ ರೋಲರ್ ಶಟರ್ 3 ಮಾಡ್ಯೂಲ್ ಇದರಲ್ಲಿ ಜನಪ್ರಿಯ. ಹೋಮ್‌ಮ್ಯಾಟಿಕ್ ಐಪಿ ಕೂಡ ಅದೇ ಪಟ್ಟಿಯಲ್ಲಿ, ತನ್ನದೇ ಭಾಷೆಯಲ್ಲಿ ಮಾತಾಡುತ್ತದೆ. ಈ ಪಟ್ಟಿಯ ಅಲೆಗಳು ಗೋಡೆ ದಾಟುವುದರಲ್ಲಿ ವೈಫೈಗಿಂತ ಚೆನ್ನ. ಆದರೆ ಹೋಮ್‌ಮ್ಯಾಟಿಕ್ ಬಳಸುವ ಪಟ್ಟಿಯಲ್ಲಿ ಒಂದು ಸಾಧನ ಒಂದು ಗಂಟೆಯಲ್ಲಿ ಶೇಕಡಾ 1ರಷ್ಟು ಹೊತ್ತು, ಅಂದರೆ 36 ಸೆಕೆಂಡ್ ಮಾತ್ರ ಮಾತಾಡಬಹುದು ಎಂಬ ನಿಯಮವಿದೆ. ಇಪ್ಪತ್ತು ಶಟರ್‌ಗಳಿಗೆ ಪದೇ ಪದೇ ಬೇರೆ ಬೇರೆ ಆಜ್ಞೆ ಕೊಡುತ್ತಿದ್ದರೆ ಕೇಂದ್ರ ಪೆಟ್ಟಿಗೆ ಆ ಮಿತಿ ತಲುಪಿ ಸುಮ್ಮನಾಗುತ್ತದೆ. ದಿನಕ್ಕೆ ನಾಲ್ಕೈದು ಸಲ ಓಡಿಸುವ ಮನೆಗೆ ಇದು ತೊಂದರೆಯಲ್ಲ.

ಜಿಗ್ಬಿ ಕೂಡ ಇಂಥದ್ದೇ ರೇಡಿಯೋ ಭಾಷೆ, ಆದರೆ 2.4 ಗಿಗಾಹರ್ಟ್ಸ್‌ನದು. ಮನೆಯಲ್ಲಿ ಆಗಲೇ ಜಿಗ್ಬಿ ದೀಪಗಳಿದ್ದರೆ ಒಳ್ಳೆಯ ಆಯ್ಕೆ. ಕರೆಂಟ್‌ಗೆ ಜೋಡಿಸಿದ ಪ್ರತಿ ಮಾಡ್ಯೂಲ್ ಪಕ್ಕದ್ದಕ್ಕೆ ಸಂದೇಶ ದಾಟಿಸುತ್ತದೆ. 2022ರಲ್ಲಿ ಬಂದ ಮ್ಯಾಟರ್ ಎಂಬ ಸಾಮಾನ್ಯ ಭಾಷೆಯಲ್ಲಿ ಶಟರ್‌ಗಳಿಗೂ ಜಾಗ ಇದೆ. ಮುಂದೆ ಆ್ಯಪ್ ಬದಲಾಯಿಸುವ ಸ್ವಾತಂತ್ರ್ಯ ಬೇಕಿದ್ದರೆ ಅದಿರುವ ಮಾಡ್ಯೂಲ್ ನೋಡಿ.

ನನ್ನ ಸಲಹೆ ಕೇಳಿದರೆ, ಏಳೆಂಟು ಶಟರ್ ಇರುವ ಫ್ಲ್ಯಾಟ್‌ಗೆ ವೈಫೈ ಸಾಕು. ದಪ್ಪ ಗೋಡೆಯ, ಎರಡು ಮೂರು ಅಂತಸ್ತಿನ ಮನೆಗೆ 868. ಕೊಳ್ಳುವ ಮೊದಲು ಅಂಗಡಿಯವರನ್ನೂ ಕೈಪಿಡಿಯನ್ನೂ ಒಂದೇ ಪ್ರಶ್ನೆ ಕೇಳಿ: ನೆಟ್‌ವರ್ಕ್ ಪೂರ್ತಿ ಸತ್ತಾಗ ಗೋಡೆಯ ಬಟನ್ ಈ ಮಾಡ್ಯೂಲ್ ಮೂಲಕ ಮೋಟರ್ ಓಡಿಸುತ್ತದೆಯೇ? ಹೌದು ಎಂದು ಸ್ಪಷ್ಟವಾಗಿ ಬರೆದಿರದಿದ್ದರೆ ಬೇಡ.

ದೀಪಕ್ಕೆಂದು ಮಾಡಿದ ಎರಡು ರಿಲೇಗಳನ್ನು ತಂದು ಶಟರ್‌ಗೆ ಜೋಡಿಸಬಾರದು. ಎರಡೂ ದಿಕ್ಕಿಗೆ ಒಮ್ಮೆಲೇ ಫೇಸ್ ಹೋದರೆ ಮೋಟರ್ ಹಾಳು. ಶಟರ್ ಮಾಡ್ಯೂಲ್‌ನಲ್ಲಿ ಒಂದು ಆನ್ ಇದ್ದಾಗ ಇನ್ನೊಂದು ಆನ್ ಆಗದಂತೆ ತಡೆ ಇರುತ್ತದೆ. ದಿಕ್ಕು ಬದಲಾಗುವಾಗ ಸಣ್ಣ ಬಿಡುವನ್ನೂ ಅದು ಕೊಡುತ್ತದೆ.

ವೈರಿಂಗ್ ಯಾರು ಮಾಡಬೇಕು

ಮನೆಯ ವಿದ್ಯುತ್ ಸಂಪರ್ಕದ ಕುರಿತ ಜರ್ಮನಿಯ ನಿಯಮದ 13ನೇ ಕಲಂ ಪ್ರಕಾರ ವೈರಿಂಗ್‌ನಲ್ಲಿ ಬದಲಾವಣೆ ಮಾಡುವುದು ನೋಂದಾಯಿತ ಎಲೆಕ್ಟ್ರಿಷಿಯನ್ ಸಂಸ್ಥೆಯ ಕೆಲಸ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ತೆಗೆದ ಹಳೆಯ ಸ್ವಿಚ್‌ಗಳನ್ನು ಕೋಣೆಯ ಹೆಸರು ಬರೆದು ಎತ್ತಿಡಿ, ಮನೆ ಬಿಡುವಾಗ ವಾಪಸ್ ಹಾಕಿಸಬೇಕು.

ಹಾಗಾದರೆ ಕೆಳಗಿನ ಹಂತಗಳು ನಿಮಗೇಕೆ? ಎಲೆಕ್ಟ್ರಿಷಿಯನ್ ಬಂದಾಗ ಏನು ಕೇಳಬೇಕು, ಏನು ನೋಡಬೇಕು ಎಂದು ಗೊತ್ತಿರಬೇಕಲ್ವಾ? ಸಾಮಾನು ಜೋಡಿಸಿಟ್ಟು, ಸ್ವಿಚ್‌ಗಳ ಫೋಟೋ ಮೊದಲೇ ಕಳಿಸಿದ್ದರೆ ಅವರ ಸಮಯ ಉಳಿಯುತ್ತದೆ. ಇಲ್ಲಿ ಗಂಟೆಯ ಲೆಕ್ಕದಲ್ಲಿ ಬಿಲ್ ಬರುವುದರಿಂದ ನಿಮ್ಮ ದುಡ್ಡೂ ಉಳಿಯುತ್ತದೆ. ಆ್ಯಪ್, ಅಳತೆ, ಸ್ವಯಂಚಾಲನೆ ಇವೆಲ್ಲ ನೀವೇ ಮಾಡುವ ಕೆಲಸ.

ಜೋಡಿಸುವ ಕ್ರಮ

ಎಂಸಿಬಿ ಇಳಿಸುವುದು, ಬೇರೆಯವರು ಮತ್ತೆ ಏರಿಸದಂತೆ ಮಾಡುವುದು, ಕರೆಂಟ್ ಇಲ್ಲವೆಂದು ಅಳೆದು ನೋಡುವುದು. ಜರ್ಮನಿಯ ಎಲೆಕ್ಟ್ರಿಷಿಯನ್‌ಗಳಿಗೆ ಕಲಿಸುವ ಐದು ಸುರಕ್ಷತಾ ನಿಯಮಗಳಲ್ಲಿ ಇವು ಮೊದಲ ಮೂರು. ಟೆಸ್ಟರನ್ನು ಮೊದಲು ಕರೆಂಟ್ ಇರುವ ಪ್ಲಗ್‌ನಲ್ಲಿ ಪರೀಕ್ಷಿಸಿ, ಆಮೇಲೆ ಸ್ವಿಚ್ ಬಾಕ್ಸ್‌ನಲ್ಲಿ ಅಳೆಯಬೇಕು. ಶಟರ್ ಸ್ವಿಚ್ ಮತ್ತು ಪಕ್ಕದ ಪ್ಲಗ್ ಎರಡೂ ಬೇರೆ ಬೇರೆ ಎಂಸಿಬಿಯಲ್ಲಿರಬಹುದು, ಆದ್ದರಿಂದ ಬಾಕ್ಸ್‌ನ ಎಲ್ಲ ವೈರ್‌ಗಳನ್ನೂ ಅಳೆಯಿರಿ.

ಹಳೆಯ ಸ್ವಿಚ್ ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಯಾವ ವೈರ್ ಮೇಲಿನ ಬಾಣಕ್ಕೆ, ಯಾವುದು ಕೆಳಗಿನದಕ್ಕೆ ಎಂದು ಟೇಪ್ ಅಂಟಿಸಿ ಬರೆಯಿರಿ.

ಮುಂದಿನ ಹಂತವನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಶೆಲ್ಲಿ 2ಪಿಎಂನಂಥ ಮಾಡ್ಯೂಲ್ ಹೊಸದಾಗಿ ಬಂದಾಗ ಎರಡು ಬಿಡಿ ರಿಲೇಗಳ ಹಾಗೆ ವರ್ತಿಸುತ್ತದೆ. ಆ ಸ್ಥಿತಿಯಲ್ಲಿ ಮೋಟರ್ ಜೋಡಿಸಿದರೆ ಎರಡೂ ದಿಕ್ಕು ಒಟ್ಟಿಗೆ ಆನ್ ಆಗಬಹುದು. ಆದ್ದರಿಂದ ಮೊದಲು ಫೇಸ್ ಮತ್ತು ನ್ಯೂಟ್ರಲ್ ಮಾತ್ರ ಜೋಡಿಸಬೇಕು. ಮೋಟರ್‌ನ ಎರಡು ವೈರ್‌ಗಳ ತುದಿಗೆ ಒಂದೊಂದು ಕನೆಕ್ಟರ್ ಹಾಕಿ ಬೇರೆ ಬೇರೆ ಮುಚ್ಚಿಡಬೇಕು. ಮುಚ್ಚಳ ಹಾಕಿ ಎಂಸಿಬಿ ಏರಿಸಿ, ಫೋನಿನಿಂದ ಮಾಡ್ಯೂಲ್ ಸೇರಿ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಶಟರ್ ಮೋಡ್‌ಗೆ ಬದಲಿಸಿ. ಬಟನ್‌ಗಳನ್ನು ‘ಒತ್ತಿ ಬಿಡುವ’ ಬಗೆಗೆ ಇಡಿ. ಕರೆಂಟ್ ಹೋಗಿ ಬಂದಾಗ ಶಟರ್ ಏನು ಮಾಡಬೇಕು ಎಂಬಲ್ಲಿ ‘ನಿಂತಿರಲಿ’ ಎಂದೇ ಆರಿಸಿ. ಆಮೇಲೆ ಮತ್ತೆ ಎಂಸಿಬಿ ಇಳಿಸಿ, ಮತ್ತೆ ಅಳೆದು, ಉಳಿದದ್ದನ್ನು ಜೋಡಿಸಿ.

ಜೋಡಣೆ ಸರಳ, ಮಾಡ್ಯೂಲ್ ಮೇಲೆ ಬರೆದ ಅಕ್ಷರಗಳನ್ನು ನೋಡಿ. ಫೇಸ್ ಎಲ್‌ಗೆ, ನ್ಯೂಟ್ರಲ್ ಎನ್‌ಗೆ. ಮೋಟರ್‌ನ ಕಂದು, ಕಪ್ಪು ವೈರ್‌ಗಳು ಓ1, ಓ2ಗೆ. ಬಟನ್‌ಗೆ ಒಂದು ಫೇಸ್, ಅದರ ಎರಡು ಬಾಣಗಳಿಂದ ಎಸ್1, ಎಸ್2ಗೆ ಒಂದೊಂದು ವೈರ್. ಮೋಟರ್‌ನ ನ್ಯೂಟ್ರಲ್ ಮತ್ತು ಅರ್ಥಿಂಗ್ ಮೊದಲಿನ ಹಾಗೇ ಇರಲಿ, ಅರ್ಥಿಂಗ್ ಮಾಡ್ಯೂಲ್‌ಗೆ ಹೋಗುವುದಿಲ್ಲ. ಮೋಟರ್‌ನ ವೈರ್ ಮೊದಲಿನಂತೆ ಬಟನ್‌ನಲ್ಲೂ ಉಳಿದು ಮಾಡ್ಯೂಲ್‌ನಲ್ಲೂ ಸೇರಬಾರದು. ಬಟನ್ ಇನ್ನು ಮಾಡ್ಯೂಲ್‌ಗೆ ಮಾತ್ರ ಹೇಳುತ್ತದೆ, ಮೋಟರ್ ಜೊತೆ ಮಾತಾಡುವುದು ಮಾಡ್ಯೂಲ್ ಒಂದೇ.

ಪ್ರತಿ ವೈರನ್ನೂ ಒಮ್ಮೆ ಮೆಲ್ಲಗೆ ಎಳೆದು ನೋಡಿ. ಸಡಿಲ ಜೋಡಣೆ ಬಿಸಿಯಾಗುತ್ತದೆ, ಗೋಡೆಯೊಳಗೆ ಅದು ಯಾರಿಗೂ ಕಾಣುವುದಿಲ್ಲ. ವಾಗೋ ಕಂಪನಿಯದಂಥ ಲಿವರ್ ಕನೆಕ್ಟರ್ ಬಳಸಿದರೆ ಜಾಗವೂ ಉಳಿಯುತ್ತದೆ, ಹಿಡಿತವೂ ಗಟ್ಟಿ. ವೈರ್‌ಗಳನ್ನು ಹಿಂದಕ್ಕೆ ಮಡಚಿ, ಮಾಡ್ಯೂಲನ್ನು ಆಂಟೆನಾ ಇರುವ ಬದಿ ಆದಷ್ಟು ಹೊರಗೆ ಬರುವಂತೆ ಕೂರಿಸಿ.

ಅಳತೆ ಕಲಿಸುವುದು

ಈಗ ಬಟನ್ ಒತ್ತಿ ನೋಡಿ. ಮೇಲಿನ ಬಾಣಕ್ಕೆ ಶಟರ್ ಮೇಲೆ ಹೋಗಬೇಕು. ಉಲ್ಟಾ ಇದ್ದರೆ ಸೆಟ್ಟಿಂಗ್‌ನಲ್ಲೇ ದಿಕ್ಕು ಬದಲಿಸಬಹುದು, ಮತ್ತೆ ಗೋಡೆ ಬಿಚ್ಚಬೇಕಿಲ್ಲ. ಬಟನ್ ಮತ್ತು ಆ್ಯಪ್ ಎರಡೂ ಒಂದೇ ದಿಕ್ಕು ಹೇಳುತ್ತವೆಯೇ ಎಂದು ಬೇರೆ ಬೇರೆಯಾಗಿ ಪರೀಕ್ಷಿಸಿ.

ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಹೂಕುಂಡ ಇದ್ದರೆ ತೆಗೆದು, ಅಳತೆಯ ಓಟ ಶುರುಮಾಡಿ. ಮಾಡ್ಯೂಲ್ ಶಟರನ್ನು ಪೂರ್ತಿ ಏರಿಸಿ, ಇಳಿಸಿ, ಮತ್ತೆ ಏರಿಸುತ್ತದೆ. ಲಿಮಿಟ್ ಸ್ವಿಚ್ ಮೋಟರನ್ನು ನಿಲ್ಲಿಸಿದಾಗ ಕರೆಂಟ್ ಸೊನ್ನೆಗೆ ಇಳಿಯುತ್ತದೆ. ತುದಿ ಬಂತು ಎಂದು ಅದಕ್ಕೆ ಗೊತ್ತಾಗುವುದು ಹೀಗೆ. ನಿಮ್ಮ ಪಟ್ಟಿಯಲ್ಲಿ ಬರೆದ ಸೆಕೆಂಡ್‌ಗಳ ಜೊತೆ ಹೋಲಿಸಿ ನೋಡಿ. ಗರಿಷ್ಠ ಓಟದ ಸಮಯವನ್ನು ಅದಕ್ಕಿಂತ ಕೆಲವೇ ಸೆಕೆಂಡ್ ಜಾಸ್ತಿ ಇಡಿ. ಲಿಮಿಟ್ ಸ್ವಿಚ್ ಎಂದಾದರೂ ಕೈಕೊಟ್ಟರೆ ಮೋಟರ್ ಸುಮ್ನೆ ತಿರುಗುತ್ತಾ ಇರುವುದನ್ನು ಇದು ತಪ್ಪಿಸುತ್ತದೆ.

ಶೇಕಡಾ 50 ಎಂದು ಹೇಳಿದರೂ ಶಟರ್ ಕಿಟಕಿಯ ನಡುವಿಗಿಂತ ಕೆಳಗೆ ನಿಲ್ಲುವುದನ್ನು ನೋಡುತ್ತೀರಿ. ಇದು ದೋಷವಲ್ಲ. ಮೇಲೆ ಪೂರ್ತಿ ಸುತ್ತಿಕೊಂಡಾಗ ಸುರುಳಿ ದಪ್ಪ, ಆಗ ಒಂದು ಸುತ್ತಿಗೆ ಜಾಸ್ತಿ ಉದ್ದ ಇಳಿಯುತ್ತದೆ. ಕೆಳಗೆ ಬಂದಂತೆ ಸುರುಳಿ ತೆಳುವಾಗಿ ವೇಗ ಕಡಿಮೆಯಾಗುತ್ತದೆ. ಕೊನೆಯ ಭಾಗದಲ್ಲಿ ಶಟರ್ ನೆಲೆ ಮುಟ್ಟಿದ ಮೇಲೂ ಪಟ್ಟಿಗಳ ನಡುವಿನ ಸಣ್ಣ ಕಿಂಡಿಗಳು ಮುಚ್ಚಲು ಇನ್ನಷ್ಟು ಓಡಬೇಕು. ಮಾಡ್ಯೂಲ್ ಲೆಕ್ಕ ಹಾಕುವುದು ಸಮಯವನ್ನು, ಉದ್ದವನ್ನಲ್ಲ. ಹಾಗಾಗಿ ಪ್ರತಿ ಕಿಟಕಿಗೂ ಎರಡು ಅಂಕಿ ಹುಡುಕಿ ಬರೆದಿಡಿ. ಒಂದು, ಕಿಂಡಿಗಳಿಂದ ಗಾಳಿ ಬೆಳಕು ಬರುವ ಜಾಗ. ಇನ್ನೊಂದು, ಬಿಸಿಲು ತಡೆದೂ ಕೋಣೆ ಪೂರ್ತಿ ಕತ್ತಲಾಗದ ಜಾಗ. ಸ್ವಯಂಚಾಲನೆಯಲ್ಲಿ ದಿನವೂ ಬಳಕೆಗೆ ಬರುವುದು ಇವೇ ಎರಡು.

ಕೊನೆಗೆ ರೌಟರ್‌ನ ಪ್ಲಗ್ ಕಿತ್ತು, ಪ್ರತಿ ಬಟನ್ ಒತ್ತಿ ನೋಡಿ. ಎಲ್ಲ ಶಟರ್‌ಗಳೂ ಏರಿ ಇಳಿಯಬೇಕು. ಈ ಪರೀಕ್ಷೆ ದಾಟದೆ ಮುಂದಕ್ಕೆ ಹೋಗಬೇಡಿ.

ತಾನಾಗಿ ನಡೆಯುವಂತೆ ಮಾಡುವುದು

ಇಲ್ಲಿಂದ ಮುಂದೆ ಸಿಗುವುದೇ ಈ ಕೆಲಸದ ನಿಜವಾದ ಫಲ. ಹೋಮ್ ಅಸಿಸ್ಟೆಂಟ್‌ನಂಥ, ಮನೆಯೊಳಗಿನ ಸಣ್ಣ ಕಂಪ್ಯೂಟರ್‌ನಲ್ಲೇ ಓಡುವ ವ್ಯವಸ್ಥೆಯನ್ನು ನಾನು ಇಷ್ಟಪಡುತ್ತೇನೆ. ನೀವು ಯಾವಾಗ ಏಳುತ್ತೀರಿ, ಯಾವಾಗ ಊರಲ್ಲಿ ಇರುವುದಿಲ್ಲ ಎಂಬ ಲೆಕ್ಕವೆಲ್ಲ ಶಟರ್‌ಗಳಲ್ಲಿ ಇರುತ್ತದೆ. ಅದು ಮನೆಯಲ್ಲೇ ಉಳಿಯಲಿ. ಮಾಡ್ಯೂಲ್‌ಗಳಿಗೆ ಪಾಸ್‌ವರ್ಡ್ ಇಡಿ, ಬೇಡವಾದರೆ ಕ್ಲೌಡ್ ಆಫ್ ಮಾಡಿ. ಫ್ರಿಟ್ಸ್‌ಬಾಕ್ಸ್ ರೌಟರ್ ಇದ್ದವರು ಪ್ರತಿ ಮಾಡ್ಯೂಲ್‌ಗೂ ಯಾವಾಗಲೂ ಅದೇ ಐಪಿ ವಿಳಾಸ ಸಿಗುವಂತೆ ಅದರ ಪುಟದಲ್ಲೇ ಗುರುತು ಹಾಕಬಹುದು.

ಗಡಿಯಾರದ ಸಮಯಕ್ಕೆ ಮಾತ್ರ ಕಟ್ಟಿದರೆ ಈ ದೇಶದಲ್ಲಿ ಪ್ರಯೋಜನವಿಲ್ಲ. ಸೂರ್ಯನ ಸ್ಥಾನಕ್ಕೆ ಕಟ್ಟಿ. ಸಂಜೆ ಮುಚ್ಚಲು ಸೂರ್ಯ ದಿಗಂತಕ್ಕಿಂತ ಸುಮಾರು 3 ಡಿಗ್ರಿ ಕೆಳಗಿಳಿದ ಹೊತ್ತು ಚೆನ್ನಾಗಿ ಹೊಂದುತ್ತದೆ. ಒಳಗಿನ ದೀಪದಲ್ಲಿ ಹೊರಗಿನವರಿಗೆ ಮನೆ ಕಾಣತೊಡಗುವುದು ಆಗಲೇ. ಬೆಳಿಗ್ಗೆ ತೆರೆಯಲು ಎರಡು ಷರತ್ತು ಹಾಕಿ: ಸೂರ್ಯ ಹುಟ್ಟಿರಬೇಕು, 7 ಗಂಟೆಯೂ ಆಗಿರಬೇಕು. ಇಲ್ಲದಿದ್ದರೆ ಜೂನ್‌ನಲ್ಲಿ ಐದೂವರೆಗೇ ಎಲ್ಲರಿಗೂ ಎಚ್ಚರ. ಮಗುವಿನ ಕೋಣೆಯನ್ನು ಈ ಗುಂಪಿನಿಂದ ಹೊರಗಿಟ್ಟು ಅದಕ್ಕೇ ಬೇರೆ ನಿಯಮ ಮಾಡಿ. ಫ್ಲ್ಯಾಟ್‌ನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡಬಾರದ ಹೊತ್ತು. ಜೂನ್ ತಿಂಗಳ ಮುಚ್ಚುವ ಸಮಯ 10ಕ್ಕೆ ತಾಗುವಂತಿರುತ್ತದೆ, ಆದ್ದರಿಂದ 9:50ಕ್ಕೆ ಹೇಗಿದ್ದರೂ ಮುಚ್ಚಲಿ ಎಂದು ಸೇರಿಸಿ.

ಬೇಸಿಗೆಯ ಬಿಸಿಲಿಗೆ ಸೂರ್ಯ ಯಾವ ದಿಕ್ಕಿನಲ್ಲಿದ್ದಾನೆ ಎಂಬುದನ್ನು ಬಳಸಿ. ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270 ಡಿಗ್ರಿ. ನಿಮ್ಮ ಗೋಡೆ ಯಾವ ದಿಕ್ಕಿಗಿದೆ ಎಂದು ಫೋನಿನ ದಿಕ್ಸೂಚಿಯಿಂದ ನೋಡಿ. ಪಶ್ಚಿಮದ ಕಿಟಕಿಗೆ 210 ದಾಟಿದಾಗ ಇಳಿಸಲು ಹೇಳಿ, ಪೂರ್ವದ್ದಕ್ಕೆ 150 ದಾಟಿದಾಗ ಏರಿಸಲು ಹೇಳಿ. ಎದುರಿನ ಕಟ್ಟಡ ಅಥವಾ ಮರದ ನೆರಳು ನೋಡಿಕೊಂಡು ಅಂಕಿ ಸ್ವಲ್ಪ ಬದಲಿಸಿ. ಇದರ ಜೊತೆ ಒಂದು ಉಷ್ಣತೆಯ ಷರತ್ತು ಇರಲೇಬೇಕು. ಆ ದಿನದ ಮುನ್ಸೂಚನೆ 25 ಡಿಗ್ರಿ ದಾಟಿದರೆ ಮಾತ್ರ ನೆರಳು ಮಾಡಲಿ. ಚಳಿಗಾಲದಲ್ಲಿ ಅದೇ ಬಿಸಿಲು ಬೇಕು. ಡಿಸೆಂಬರ್ ಮಧ್ಯಾಹ್ನ ಸ್ಟುಟ್‌ಗಾರ್ಟ್‌ನಲ್ಲಿ ಸೂರ್ಯ 18 ಡಿಗ್ರಿಯಷ್ಟು ಮಾತ್ರ ಮೇಲೇರುತ್ತಾನೆ, ದಕ್ಷಿಣದ ಕಿಟಕಿಯಿಂದ ಕೋಣೆಯ ಆ ತುದಿಯವರೆಗೆ ಬೆಳಕು ಬರುತ್ತದೆ. ಅದನ್ನು ತಡೆಯುವುದು ದೊಡ್ಡ ನಷ್ಟ.

ಯಾರಾದರೂ ಬಟನ್ ಒತ್ತಿದರೆ ಅದೇ ಅಂತಿಮ. ಬಟನ್ ಒತ್ತಿದ ಮೇಲೆ ಎರಡು ಗಂಟೆ ಆ ಕಿಟಕಿಯ ಸ್ವಯಂಚಾಲನೆ ಸುಮ್ಮನಿರಲಿ ಎಂದು ಒಂದು ನಿಯಮ ಬರೆಯಿರಿ. ಅಪ್ಪ ಓದೋಕೆ ಬೆಳಕು ಬೇಕೆಂದು ಶಟರ್ ಏರಿಸಿದರೆ, ಐದು ನಿಮಿಷಕ್ಕೆ ಅದು ಮತ್ತೆ ಇಳಿಯಬಾರದು.

ಬಿಡಬಾರದ ನಾಲ್ಕು ನಿಯಮ

ಬಾಲ್ಕನಿ ಮತ್ತು ತೋಟದ ಬಾಗಿಲಿಗೆ ಒಂದು ಬಾಗಿಲು ಸೆನ್ಸರ್ ಹಾಕಿ. ಬಾಗಿಲು ತೆರೆದಿದ್ದರೆ ಆ ಶಟರ್ ತಾನಾಗಿ ಇಳಿಯಬಾರದು. ಬಟ್ಟೆ ಒಣಹಾಕಲು ಹೋದವರು ಬಾಲ್ಕನಿಯಲ್ಲೇ ಸಿಕ್ಕಿಕೊಂಡರೆ, ಜನವರಿಯಲ್ಲಿ ಅದು ಸಣ್ಣ ವಿಷಯವಲ್ಲ.

ಹೊಗೆ ಅಲಾರಂ ಕೂಗಿದರೆ ಎಲ್ಲ ಶಟರ್‌ಗಳೂ ತಕ್ಷಣ ಮೇಲೇರಬೇಕು, ದೀಪಗಳು ಹೊತ್ತಬೇಕು. ಜರ್ಮನಿಯ ಎಷ್ಟೋ ಮನೆಗಳಲ್ಲಿ ಬೆಂಕಿಯ ಸಮಯದಲ್ಲಿ ತಪ್ಪಿಸಿಕೊಳ್ಳುವ ಎರಡನೆಯ ದಾರಿ ಎಂದರೆ ಕಿಟಕಿ ಅಥವಾ ಬಾಲ್ಕನಿಯೇ, ಅಗ್ನಿಶಾಮಕ ದಳದವರು ಏಣಿ ಇಡುವುದು ಅಲ್ಲಿಗೇ. ಕರೆಂಟ್ ಹೋದರೆ ಮೋಟರ್ ಶಟರ್ ಏರುವುದಿಲ್ಲ. ಆದ್ದರಿಂದ ಮಲಗುವ ಕೋಣೆಯಲ್ಲಿ ಕೈಯಿಂದ ತಿರುಗಿಸುವ ಹಿಡಿಕೆ ಇರುವ ಮೋಟರ್ ಇದೆಯೇ ನೋಡಿ. ಇಲ್ಲವಾದರೆ ಒಂದು ಕಿಟಕಿಯನ್ನಾದರೂ ರಾತ್ರಿ ಪೂರ್ತಿ ಮುಚ್ಚದೆ ಬಿಡಿ.

ಹಿಮ ಬೀಳುವ ದಿನಗಳಲ್ಲಿ ಕೆಳಗಿನ ಪಟ್ಟಿ ಕಟ್ಟೆಗೆ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಮೋಟರ್ ಎಳೆದರೆ ಪಟ್ಟಿ ಹರಿಯುತ್ತದೆ, ಕೊಕ್ಕೆ ಕಳಚುತ್ತದೆ. ಹೊರಗಿನ ಉಷ್ಣತೆ 1 ಡಿಗ್ರಿಗಿಂತ ಕಡಿಮೆ ಇದ್ದರೆ ತಾನಾಗಿ ತೆರೆಯುವುದು ಬೇಡ ಎಂದು ಹಾಕಿ. ಬೇಕಾದವರು ಕಿಟಕಿಯಿಂದ ನೋಡಿ ಬಟನ್ ಒತ್ತುತ್ತಾರೆ. ಚಳಿಗಾಲದ ಸಂಜೆ ಶಟರನ್ನು ಪೂರ್ತಿ ನೆಲೆಗೆ ಒತ್ತದೆ ಒಂದು ಬೆರಳಷ್ಟು ಮೇಲೆ ನಿಲ್ಲಿಸಿದರೆ ಈ ತೊಂದರೆ ಅರ್ಧ ಕಡಿಮೆ.

ಗ್ಯಾರೇಜಿನ ಭಾರದ ಶಟರ್‌ಗೆ ಈ ಮಾಡ್ಯೂಲ್ ಹಾಕಬೇಡಿ. ಊರಲ್ಲಿ ಅಂಗಡಿ ಅಥವಾ ಮನೆಯ ಮುಂದಿನ ಮೋಟರ್ ಶಟರ್‌ಗೂ ಇದೇ ಮಾತು. ಅಲ್ಲಿ ಬಾಗಿಲಿನ ಕೆಳಗೆ ಮಗು, ನಾಯಿ, ಕಾರು ಇರಬಹುದು. ಕಣ್ಣಿಗೆ ಕಾಣದ ಜಾಗದಿಂದ ಅದನ್ನು ಇಳಿಸಬೇಕಾದರೆ ಅಡ್ಡ ಬಂದದ್ದನ್ನು ಗುರುತಿಸಿ ನಿಲ್ಲಿಸುವ ಸೆನ್ಸರ್ ಇರುವ, ಅದಕ್ಕೆಂದೇ ಮಾಡಿದ ನಿಯಂತ್ರಕ ಬೇಕು. ಕಿಟಕಿಯ ಮಾಡ್ಯೂಲ್‌ನಲ್ಲಿ ಕರೆಂಟ್ ಏರಿಕೆ ನೋಡಿ ನಿಲ್ಲಿಸುವ ಸೌಲಭ್ಯವಿದ್ದರೂ, ಅದು ಮೋಟರ್ ಉಳಿಸಲು ಮಾಡಿದ್ದು, ಮನುಷ್ಯರನ್ನು ಉಳಿಸಲು ಅಲ್ಲ.

ಇಡೀ ಮನೆಗೆ ಒಟ್ಟಿಗೆ ಸಾಮಾನು ತರಿಸಬೇಡಿ. ಒಂದು ಕಿಟಕಿಗೆ ಹಾಕಿಸಿ ಎರಡು ವಾರ ಬಳಸಿ. ಬಟನ್ ಒತ್ತಿದರೆ ತಡವಾಗುತ್ತಿದೆಯೇ, ಸಿಗ್ನಲ್ ಬಿಟ್ಟುಹೋಗುತ್ತಿದೆಯೇ, ಮನೆಯವರೆಲ್ಲರಿಗೂ ಅನುಕೂಲವಾಗಿದೆಯೇ ನೋಡಿ. ಆಮೇಲೆ ಎಲೆಕ್ಟ್ರಿಷಿಯನ್‌ರನ್ನು ಒಂದೇ ದಿನ ಕರೆಸಿ ಉಳಿದ ಕಿಟಕಿಗಳನ್ನು ಮುಗಿಸಿ. ಯಾವ ಮಾಡ್ಯೂಲ್ ಯಾವ ಎಂಸಿಬಿಯಲ್ಲಿದೆ ಎಂಬ ಚೀಟಿಯನ್ನು ಫ್ಯೂಸ್ ಬಾಕ್ಸ್‌ನ ಬಾಗಿಲ ಒಳಗೆ ಜರ್ಮನ್‌ನಲ್ಲಿ ಬರೆದು ಅಂಟಿಸಿ, ಮುಂದೆ ರಿಪೇರಿಗೆ ಬರುವವರು ಅದನ್ನೇ ಮೊದಲು ನೋಡುತ್ತಾರೆ.